ಮೂವರು ಖಾತ್ರಿ, ಒಬ್ಬಳು ಇನಿಷಿಯಲ್‌ನಲ್ಲಿ ಸಿಕ್ಕಿಕೊಂಡಿದ್ದಾಳೆ

ಜನವರಿ 18

ರಜೆಯಲ್ಲಿ ನಮ್ಮ ತಾಲ್ಲೂಕಿನ ಡಿಗ್ರಿ ಹುಡುಗ ಹುಡುಗಿಯರನ್ನು ಹೊರದೇಶದ ಶ್ರಮದಾನ ಶಿಬಿರಗಳಿಗೆ ಕಳುಹಿಸುವ ಕೆಲಸಕ್ಕೆ ಈ ವರ್ಷವೂ ಕೈ ಹಾಕಿದ್ದೇನೆ. ಹೋದ ವರ್ಷದ ಫಲ ಸೊನ್ನೆ. ಕಾಲೇಜಿನ ನೋಟಿಸ್ ಬೋರ್ಡಿಗೆ ಬಣ್ಣದ ಪೋಸ್ಟರ್ ಅಂಟಿಸಿದ್ದೆ. ನನ್ನದೇ ಜೆರಾಕ್ಸ್ ಅಂಗಡಿ, ಮುದ್ರಣಕ್ಕೆ ಖರ್ಚಿರಲಿಲ್ಲ. ಫೋನುಗಳೇನೋ ಬಂದವು, ಆದರೆ ಹೆಚ್ಚಿನವರ ಮೊದಲ ಪ್ರಶ್ನೆ "ಸಂಬಳ ಎಷ್ಟು ಸರ್?" ಸಂಬಳವಿಲ್ಲ, ಊಟ ವಸತಿ ಅವರದು, ಪ್ರಯಾಣದ ಖರ್ಚು ನಿಮ್ಮದು ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ಸಲ ಪೋಸ್ಟರ್ ಇಲ್ಲ. ಎನ್‌ಎಸ್‌ಎಸ್ ಅಧಿಕಾರಿಯ ಬಳಿ ಹೋಗಿ, ಏಳು ದಿನದ ವಿಶೇಷ ಶಿಬಿರದಲ್ಲಿ ಪಾತ್ರೆ ತೊಳೆದವರ ಹೆಸರು ಕೊಡಿ ಎಂದು ಕೇಳಿದೆ. ಅವರು ನಕ್ಕರು. ವೇದಿಕೆ ಹತ್ತಿದವರ ಪಟ್ಟಿ ಫೈಲಿನಲ್ಲಿತ್ತು, ಪಾತ್ರೆ ತೊಳೆದವರನ್ನು ನೆನಪಿನಿಂದ ಹೆಕ್ಕಬೇಕಾಯಿತು. ಒಂಬತ್ತು ಹೆಸರು ಸಿಕ್ಕವು.

ಫೆಬ್ರುವರಿ 2

ಏಳು ಜನ ಅಂಗಡಿಗೆ ಬಂದರು. ಶಟರ್ ಅರ್ಧ ಎಳೆದು, ಜೆರಾಕ್ಸ್ ಯಂತ್ರದ ಮೇಲೆ ಚಹಾದ ಲೋಟ ಇಟ್ಟು ಮಾತಿಗೆ ಕುಳಿತೆವು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ವರ್ಡನ್ ಬಳಿಯ ಹಾಳುಬಿದ್ದ ಫ್ರೆಂಚ್ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಗುಂಪು ಸೇರಿಸಿದ್ದನ್ನು ಹೇಳಿದೆ. ಆ ಗುಂಪಿನಲ್ಲಿ ಜರ್ಮನ್ನರೂ ಇದ್ದರು. ಇಂಥ ಶಿಬಿರಗಳನ್ನು ನಡೆಸುವ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆ ಬೆಳೆದದ್ದು ಅಲ್ಲಿಂದ. 1934ರ ಬಿಹಾರ ಭೂಕಂಪದ ನಂತರ ಸೆರೆಸೋಲ್ ಇಲ್ಲಿಗೂ ಬಂದು ಹಳ್ಳಿ ಕಟ್ಟುವ ಕೆಲಸಕ್ಕೆ ನಿಂತ. ಇದನ್ನು ಕೇಳಿ ಬಾಗಿಲ ಬಳಿ ನಿಂತಿದ್ದ ಹುಡುಗನೊಬ್ಬ, "ಹಾಗಾದರೆ ಇದು ಮುಯ್ಯಾಳು ಅಲ್ಲವೇ ಅಣ್ಣ?" ಎಂದ. ನಮ್ಮ ಗದ್ದೆಗೆ ಅವರು, ಅವರ ಗದ್ದೆಗೆ ನಾವು. 'ಅಂತರರಾಷ್ಟ್ರೀಯ ಸ್ವಯಂಸೇವಕ ವಿನಿಮಯ ಕಾರ್ಯಕ್ರಮ' ಎಂದು ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ್ದವನು ನಾನು!

ಫೆಬ್ರುವರಿ 9

ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅವಳ ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ಕಡೆಯ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಅಲ್ಲ ಮಾರಾಯರೇ, ಇಲ್ಲಿ ಸುಲಿಯಲು ಜನ ಇಲ್ಲ. ಇವಳು ದುಡ್ಡು ಕೊಟ್ಟು ಅಲ್ಲಿ ಹೋಗಿ ದುಡಿಯಬೇಕೇ?" ಮುಯ್ಯಾಳಿನ ಮಾತು ತೆಗೆದೆ. ಕತ್ತಿಯ ಮೇಲಿನ ಕೈ ನಿಂತಿತು. "ಸರಿ. ಅವರು ನಮ್ಮ ಕೊಯ್ಲಿಗೆ ಬರುವುದು ಯಾವಾಗ?"

ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಮಗಳಿಗೆ ಒಪ್ಪಿಗೆ ಕೊಟ್ಟರು.

ಫೆಬ್ರುವರಿ 20

ಯುರೋಪ್ ಕೈಬಿಟ್ಟೆ. ಅಲ್ಲಿ ಶಿಬಿರಗಳ ಸುಗ್ಗಿ ಅವರ ಬೇಸಿಗೆ ರಜೆಯಲ್ಲಿ, ಜುಲೈ ಆಗಸ್ಟ್‌ನಲ್ಲಿ. ನಮಗೆ ಬಿಡುವು ಏಪ್ರಿಲ್ ಮೇ ತಿಂಗಳಲ್ಲಿ. ಸಾಲದ್ದಕ್ಕೆ ಷೆಂಗೆನ್ ವೀಸಾಕ್ಕೆ 90 ಯೂರೋ. ಹಾಗಾಗಿ ನೇಪಾಳ. ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗಲು ಈ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ, ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಬೇಕು. ದಸರಾ ರಜೆಗೆ ಹೋಗೋಣ ಎಂದ ಒಬ್ಬ. ನೇಪಾಳದ ದಶೈಂ ಹಬ್ಬವೂ ಆಗಲೇ, ಕೆಲಸ ಹಚ್ಚಬೇಕಾದವರೇ ಊರಿಗೆ ಹೋಗಿರುತ್ತಾರೆ.

ಮಾರ್ಚ್ 5

ಮತದಾರರ ಚೀಟಿ ಇದ್ದ ಮೂವರು ಖಾತ್ರಿ. ಮೂವರು ಹಿಂದೆ ಸರಿದರು, ಇಬ್ಬರು ಖರ್ಚಿಗೆ, ಒಬ್ಬ ಯಾಕೆಂದು ಹೇಳಲಿಲ್ಲ.

ಉಳಿದವಳು ಆ ಅಡಿಕೆ ಮನೆಯ ಹುಡುಗಿ. ಚೀಟಿ ಇನ್ನೂ ಆಗಿಲ್ಲ, ಪಾಸ್‌ಪೋರ್ಟೇ ಮಾಡಿಸೋಣ ಎಂದು 1500 ರೂಪಾಯಿ ಶುಲ್ಕಕ್ಕೆ ಸಿದ್ಧವಾಗಿ ಅರ್ಜಿ ತುಂಬಲು ಕುಳಿತೆವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎರಡನೆಯದು ಅಪ್ಪ, ಮೊದಲನೆಯದು ಊರು. ಊರು ದಾಟಲು ಊರಿನ ಹೆಸರೇ ಅಡ್ಡ ನಿಂತಿತು. ಮೊದಲು ಆಧಾರ್ ತಿದ್ದುಪಡಿಗೆ ಕೊಟ್ಟಿದ್ದೇವೆ. ಏಪ್ರಿಲ್ ಕೊನೆಯ ಶಿಬಿರ ತಪ್ಪಿದರೆ ಮೇ ತಿಂಗಳದ್ದಕ್ಕೆ ಅವಳ ನೋಂದಣಿ ಬದಲಿಸಬೇಕು.

ನಡುವೆ ಶಿಬಿರದವರಿಗೆ ಒಂದು ಇಮೇಲ್ ಹಾಕಿದ್ದೇನೆ: ಡಿಸೆಂಬರಿನಲ್ಲಿ ನಮ್ಮಲ್ಲಿಗೆ ನಾಲ್ವರನ್ನು ಕಳುಹಿಸುತ್ತೀರಾ, ಅಡಿಕೆ ಸುಲಿಯುವುದನ್ನು ಕಲಿಸುತ್ತೇವೆ. ಉತ್ತರ ಬಂದಿಲ್ಲ. ಹುಡುಗಿಯ ಅಮ್ಮ ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಹಣಕಿ ಕೇಳುತ್ತಾರೆ.