ಡ್ರೈವರ್ ಸಂಬಳ ಯಾರು ಕೊಡಬೇಕು?

ನಮ್ಮ ಕೇಂದ್ರದ ಸ್ಟೋರ್ ರೂಮಿನಲ್ಲಿ ಐದು ವೀಲ್‌ಚೇರ್ ಇವೆ. ಮೂರಕ್ಕೆ ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ. ಪ್ರತಿಯೊಂದರ ಬೆನ್ನಿಗೂ ಕೊಟ್ಟವರ ಹೆಸರು ಬರೆಸಿದ್ದಾರೆ, ಕೆಂಪು ಬಣ್ಣದಲ್ಲಿ, ದೊಡ್ಡದಾಗಿ. ಪಕ್ಕದಲ್ಲಿ ಎರಡು ವಾಟರ್ ಫಿಲ್ಟರ್, ಒಂದು ಹೊಲಿಗೆ ಮೆಷಿನ್, ಅದರ ಮೇಲೆ ಇನ್ನೊಂದು ಹೊಲಿಗೆ ಮೆಷಿನ್. ಎಲ್ಲವೂ ಪ್ರೀತಿಯಿಂದಲೇ ಬಂದವು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೂರು ವರ್ಷದ ಹಿಂದೆ ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳನ್ನು ಕರೆತರುವ ವ್ಯಾನ್ ನಿಂತುಹೋಗಿತ್ತು. ಡ್ರೈವರ್‌ಗೆ ಕೊಡಲು ನಮ್ಮ ಹತ್ತಿರ ದುಡ್ಡಿರಲಿಲ್ಲ.

ನಾನು ದಾವಣಗೆರೆಯಲ್ಲಿ ಬುದ್ಧಿಮಾಂದ್ಯ ಮಕ್ಕಳ ಒಂದು ಡೇ ಕೇರ್ ಕೇಂದ್ರದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 26 ಮಕ್ಕಳು. ಹರಿಹರ, ಆನಗೋಡು, ಮಾಯಕೊಂಡ ಕಡೆಯಿಂದ ಬರುವವರೇ ಜಾಸ್ತಿ. ಇವರ ಅಪ್ಪ ಅಮ್ಮ ಕೂಲಿಗೆ ಹೋಗುವವರು. ಬಸ್ಸಿನಲ್ಲಿ ದಿನಾ ಕರೆದುಕೊಂಡು ಬಂದು ಬಿಟ್ಟು, ಮತ್ತೆ ಸಂಜೆ ಬಂದು ಕರೆದುಕೊಂಡು ಹೋಗುವುದೆಂದರೆ ಅವರ ಆ ದಿನದ ಕೂಲಿ ಹೋದಂತೆ. ವ್ಯಾನ್ ಇದ್ದರೆ ಮಗು ಬರುತ್ತದೆ, ಇಲ್ಲದಿದ್ದರೆ ಮನೆಯಲ್ಲಿ ಕೂರುತ್ತದೆ. ಅಷ್ಟೇ.

ಆ ಮೂರು ತಿಂಗಳಲ್ಲಿ ಒಂಬತ್ತು ಮಕ್ಕಳು ಬರುವುದು ನಿಲ್ಲಿಸಿದರು. ಅದರಲ್ಲಿ ಹನ್ನೆರಡು ವರ್ಷದ ಒಬ್ಬಳು ಹುಡುಗಿ. ಅವಳಿಗೆ ಚಮಚ ಹಿಡಿದು ತಾನೇ ಊಟ ಮಾಡುವುದನ್ನು ಕಲಿಸಲು ನಮ್ಮ ಟೀಚರ್‌ಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿದಿತ್ತು. ಮೊದಲು ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು, ಆಮೇಲೆ ಅವಳ ಕೈ ಮೇಲೆ ತಮ್ಮ ಕೈ ಇಟ್ಟು, ಆಮೇಲೆ ಬರೀ ಮೊಣಕೈಗೆ ಆಸರೆ ಕೊಟ್ಟು, ಕೊನೆಗೊಂದು ದಿನ ಏನೂ ಹಿಡಿಯದೆ. ಅವತ್ತು ಅವಳು ಅನ್ನ ಸಾರು ತಿಂದು ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿದ್ದಳು. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದಾಗ ಚಮಚ ಕೊಟ್ಟರೆ ಸುಮ್ನೆ ನೋಡುತ್ತಾ ಕೂತಳು. ಬಾಯಿ ತೆರೆದು ಕಾದಳು, ಯಾರಾದರೂ ತಿನ್ನಿಸಲಿ ಅಂತ. ಮನೆಯಲ್ಲಿ ಅಮ್ಮ ಕೂಲಿಗೆ ಹೋಗುವ ಅವಸರದಲ್ಲಿ ತಿನ್ನಿಸಿ ಹೋಗುತ್ತಿದ್ದಳು, ಅವಳದೇನು ತಪ್ಪು? ಆ ತಾಯಿ ಮೂರು ತಿಂಗಳೂ ಪ್ರತಿ ಭಾನುವಾರ ರಾತ್ರಿ ನನಗೆ ಫೋನ್ ಮಾಡಿದ್ದಾಳೆ. "ಅಕ್ಕಾ, ನಾಳೆ ವ್ಯಾನ್ ಬರ್ತೈತಾ?"

ಇಷ್ಟಕ್ಕೂ ನಮ್ಮ ಊರಲ್ಲಿ ಕೊಡುವವರಿಗೇನು ಬರವಿಲ್ಲ. ದಾವಣಗೆರೆ ಬೆಳೆದದ್ದೇ ವ್ಯಾಪಾರಸ್ಥರ ಕೈಯಿಂದ. ಹತ್ತಿ ಗಿರಣಿಗಳ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ರೈಲ್ವೆ ಸ್ಟೇಷನ್ ಹತ್ತಿರದ ಛತ್ರಕ್ಕೆ ರಾಜನಹಳ್ಳಿಯವರ ಹೆಸರಿದೆ, ಜಿಲ್ಲಾ ಆಸ್ಪತ್ರೆಯನ್ನು ಇವತ್ತಿಗೂ ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುತ್ತೇವೆ. ಮಂಡಿ ಬಜಾರಿನಲ್ಲಿ ಹಿಂದೆ ಧರ್ಮಾದಾಯ ಅಂತ ಪ್ರತಿ ಲೆಕ್ಕದಲ್ಲೂ ಒಂದಿಷ್ಟು ಮುರಿದು ಧರ್ಮಕಾರ್ಯಕ್ಕೆ ಎತ್ತಿಡುತ್ತಿದ್ದರು. ರೈತರ ಪಟ್ಟಿಯಲ್ಲಿ ಹಾಗೆ ಮುರಿಯುವುದನ್ನು ಆಮೇಲೆ ಮಾರುಕಟ್ಟೆ ಕಾನೂನು ತಡೆಯಿತು, ತಡೆದದ್ದು ಸರಿಯೇ, ರೈತನನ್ನು ಕೇಳದೆ ಅವನ ದುಡ್ಡಲ್ಲಿ ಧರ್ಮ ಮಾಡುವುದು ಧರ್ಮವಲ್ಲ. ಆದರೆ ಬಂದದ್ದರಲ್ಲಿ ಸ್ವಲ್ಪ ಊರಿಗೆ ಅನ್ನುವ ಅಭ್ಯಾಸ ಮಾತ್ರ ಇಲ್ಲಿ ಉಳಿದಿದೆ.

ತೊಂದರೆ ಇರುವುದು ಬೇರೆ ಕಡೆ. ಎಲ್ಲರೂ ಬೇರೆ ಬೇರೆಯಾಗಿ ಕೊಡುತ್ತಾರೆ.

ಆ ವರ್ಷ ನಾನು ಬರೆದ ಅರ್ಜಿ ಹನ್ನೊಂದು. ಒಬ್ಬರಿಗೆ ಮೂರು ವರ್ಷದ ಆಡಿಟ್ ವರದಿ, ಇನ್ನೊಬ್ಬರಿಗೆ ಐದು ವರ್ಷದ್ದು. ಒಬ್ಬರಿಗೆ ಇಂಗ್ಲಿಷಿನಲ್ಲೇ ಬೇಕು, ಇನ್ನೊಬ್ಬರಿಗೆ ಅವರದೇ ಫಾರಂನಲ್ಲಿ ಕೈಬರಹದಲ್ಲಿ ಬೇಕು. ಟ್ರಸ್ಟ್ ಡೀಡ್, ಪ್ಯಾನ್, ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರಗಳು, ಅಧ್ಯಕ್ಷರ ಆಧಾರ್, ಮಕ್ಕಳ ಫೋಟೋ. ಎಲ್ಲಕ್ಕೂ ಜೆರಾಕ್ಸ್, ಪ್ರತಿ ಹಾಳೆಗೂ ಸೀಲು ಸಹಿ. ಆಮೇಲೆ ಭೇಟಿ. ಒಂದೇ ಫೆಬ್ರವರಿಯಲ್ಲಿ ಐದು ಸಲ ಬಂದರು. ಬಂದಾಗಲೆಲ್ಲ ಮಕ್ಕಳನ್ನು ಸಾಲಾಗಿ ಕೂರಿಸಬೇಕು, ಸ್ವಾಗತ ಗೀತೆ, ಶಾಲು, ಹಾರ, ಫೋಟೋ. ಆ ಐದೂ ದಿನ ಮಕ್ಕಳಿಗೆ ಫಿಸಿಯೋಥೆರಪಿ ಆಗಲಿಲ್ಲ. ಹೊಸಬರನ್ನು ನೋಡಿದರೆ ಗಾಬರಿ ಬೀಳುವ ಮಕ್ಕಳಿದ್ದಾರೆ, ಅವರು ಸಂಜೆವರೆಗೂ ಅಳುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಹೇಳುತ್ತಿದ್ದ ಒಂದು ಮಾತು: ಸಾಮಾನು ಕೇಳಿ ಕೊಡಿಸ್ತೀವಿ, ಸಂಬಳಕ್ಕೆ ಮಾತ್ರ ಕೇಳಬೇಡಿ.

ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ವೀಲ್‌ಚೇರ್ ಕಣ್ಣಿಗೆ ಕಾಣುತ್ತದೆ. ಸಂಬಳ ಕಾಣುವುದಿಲ್ಲ, ತಿಂಗಳು ತಿಂಗಳು ಕರಗುತ್ತದೆ. ಒಂದು ವರ್ಷ ಕೊಟ್ಟರೆ ಮುಂದಿನ ವರ್ಷವೂ ಕೇಳುತ್ತಾರೆ, ಕೈಬಿಟ್ಟರೆ ಕೆಟ್ಟವರಾಗುತ್ತೇವೆ ಅನ್ನುವ ಭಯ. ಒಬ್ಬರೇ ಹೊರಬೇಕಾದರೆ ಅದು ನಿಜಕ್ಕೂ ಭಾರ. ಆದರೆ ನಮ್ಮಂಥ ಕೆಲಸದಲ್ಲಿ ಸಂಬಳವೇ ಕೆಲಸ. ಟೀಚರ್ ಕೈ, ಆಯಾ ಕೈ, ಡ್ರೈವರ್ ಕೈ. ಇವು ಬಿಟ್ಟರೆ ಉಳಿಯುವುದು ಗೋಡೆ ಮತ್ತು ಫಲಕ.

ಬದಲಾವಣೆ ಶುರುವಾದದ್ದು ಹೀಗೆ. ಒಂದೇ ತಿಂಗಳಲ್ಲಿ ಇಬ್ಬರು ವೀಲ್‌ಚೇರ್ ತಂದರು, ಒಂದೇ ದಿನ ಒಂದೇ ಬಾಗಿಲಲ್ಲಿ ಎದುರಾದರು. ಒಬ್ಬರು ಅಕ್ಕಿ ಗಿರಣಿಯ ಹಿರಿಯರು, ಮನೆತನದ ಟ್ರಸ್ಟ್ ನಡೆಸುವವರು. ಇನ್ನೊಬ್ಬರು ಒಂದು ಸಹಕಾರಿ ಬ್ಯಾಂಕಿನ ನಿರ್ದೇಶಕರು. ಇಬ್ಬರಿಗೂ ಹತ್ತಾರು ವರ್ಷದ ಪರಿಚಯ, ಮದುವೆ ಮುಂಜಿಯಲ್ಲಿ ಪಕ್ಕಪಕ್ಕ ಕೂತು ಉಂಡವರು. ಆ ಹಿರಿಯರು ಸ್ಟೋರ್ ರೂಮಿಗೆ ಬಂದು, ನಿಂತು ನೋಡಿ, "ಅಲ್ರೀ, ಇಲ್ಲಿಗೆ ನೀವೂ ಕೊಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ವಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ನಿಜವಾಗಿ ಏನು ಬೇಕಿತ್ತು?" ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಡ್ರೈವರ್ ಸಂಬಳ ಯಜಮಾನ್ರೇ, ಅಂದೆ.

ಎರಡು ತಿಂಗಳು ಕಳೆದು ಅವರ ಗಿರಣಿಯ ಆಫೀಸಿನಲ್ಲಿ ನಾಲ್ಕು ಕಡೆಯವರು ಕೂತರು. ಇವರಿಬ್ಬರು, ಇಲ್ಲೇ ಓದಿ ಈಗ ಬೆಂಗಳೂರಲ್ಲಿರುವ ಕಾಲೇಜು ಗೆಳೆಯರ ಒಂದು ಗುಂಪು, ಮತ್ತೆ ಸಿಎಸ್‌ಆರ್ ದುಡ್ಡಿರುವ, ಅಂದರೆ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಎತ್ತಿಡಬೇಕಾದ, ಒಂದು ಕಂಪನಿ. ಶುರುವಿನಲ್ಲೇ ಬಂದ ಪ್ರಶ್ನೆ, ದುಡ್ಡನ್ನೆಲ್ಲ ಒಂದೇ ಖಾತೆಗೆ ಹಾಕುವುದು ಹೇಗೆ ಅಂತ.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಇಂಥದ್ದನ್ನು ಮಾಡಲು ಹೊರಟವರಿಗೆ ಉಪಯೋಗವಾಗಬಹುದು. 2023ರ ಬಜೆಟ್‌ನಲ್ಲಿ ಒಂದು ಬದಲಾವಣೆ ಬಂತು. ನೋಂದಣಿಯಾದ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ದುಡ್ಡು ಕೊಟ್ಟರೆ, ಕೊಟ್ಟದ್ದರಲ್ಲಿ ಶೇ. 85ರಷ್ಟನ್ನು ಮಾತ್ರ ಧರ್ಮಕಾರ್ಯಕ್ಕೆ ಖರ್ಚಾಯಿತು ಅಂತ ಆದಾಯ ತೆರಿಗೆಯವರು ಲೆಕ್ಕ ಹಿಡಿಯುತ್ತಾರೆ. ಉಳಿದ ಶೇ. 15 ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಂದರೆ ನಡುವೆ ಇನ್ನೊಂದು ಟ್ರಸ್ಟ್ ಮಾಡಿ ಅದರ ಮೂಲಕ ಹಂಚಿದರೆ ಈ ಪೆಟ್ಟು ಎರಡು ಸಲ. ಕಂಪನಿಯದು ಬೇರೆ ಕಥೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ನೆಟ್‌ವರ್ತ್, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇದರಲ್ಲಿ ಯಾವುದಾದರೂ ಒಂದು ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಖರ್ಚು ಮಾಡಬೇಕು. ಬೇರೆ ಕಂಪನಿಗಳ ಜೊತೆ ಸೇರಿ ಮಾಡಲು ಅವಕಾಶವಿದೆ, ಆದರೆ ಪ್ರತಿ ಕಂಪನಿಯೂ ತನ್ನ ಪಾಲಿನ ಲೆಕ್ಕವನ್ನು ಬೇರೆಯಾಗಿ ತೋರಿಸುವ ಹಾಗಿರಬೇಕು. ಈ ದುಡ್ಡಿನಲ್ಲಿ ಆಡಳಿತಕ್ಕೆ ಶೇ. 5 ಮೀರಬಾರದು ಅನ್ನುವ ಮಿತಿ ಇದೆಯಲ್ಲ, ಅದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ. ಯೋಜನೆ ನಡೆಸಲು ನೇರವಾಗಿ ಬೇಕಾದ ಟೀಚರ್, ಆಯಾ, ಡ್ರೈವರ್ ಸಂಬಳ ಅದರೊಳಗೆ ಬರುವುದಿಲ್ಲ. ಸಂಬಳ ಕೊಡಲು ಕಾನೂನು ಬಿಡುವುದಿಲ್ಲ ಅಂತ ನನಗೆ ಎಷ್ಟು ಜನ ಹೇಳಿದ್ದಾರೆ! ಬಿಡುತ್ತದೆ. ನಡೆಯುತ್ತಿರುವ ಯೋಜನೆ ಅಂತ ತೀರ್ಮಾನಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಮುಂದುವರಿಸಲೂಬಹುದು.

ಇದನ್ನೆಲ್ಲ ಆಡಿಟರ್ ವಿವರಿಸಿದ ಮೇಲೆ ಒಂದು ದಾರಿ ಸಿಕ್ಕಿತು. ದುಡ್ಡು ಒಂದೇ ಖಾತೆಗೆ ಬರಬೇಕೆಂದೇನಿಲ್ಲ, ತೀರ್ಮಾನ ಒಂದಾದರೆ ಸಾಕು. ನಾಲ್ವರೂ ಸೇರಿ ಒಂದೇ ಅರ್ಜಿ ಓದುತ್ತಾರೆ, ಒಂದೇ ಸಲ ಬಂದು ನೋಡುತ್ತಾರೆ, ಯಾರು ಎಷ್ಟು ಅಂತ ಹಂಚಿಕೊಳ್ಳುತ್ತಾರೆ, ಆಮೇಲೆ ತಂತಮ್ಮ ಖಾತೆಯಿಂದ ನೇರವಾಗಿ ನಮಗೆ ಕಳಿಸುತ್ತಾರೆ. ನಾವು ವರ್ಷಕ್ಕೊಂದೇ ವರದಿ ಕೊಡುತ್ತೇವೆ, ಅದರಲ್ಲಿ ನಾಲ್ಕು ಕಾಲಂ. ಅರ್ಜಿ ಎರಡೇ ಪುಟ, ಕನ್ನಡದಲ್ಲಿ. ಕೊಟ್ಟರೆ ಮೂರು ವರ್ಷಕ್ಕೆ.

ನಮಗೇನು ಇದು ಹೊಸದಲ್ಲ, ಅಲ್ವಾ? ದುರ್ಗಾಂಬಿಕಾ ಜಾತ್ರೆಗೆ ಮನೆ ಮನೆ ವಂತಿಗೆ ಎತ್ತುತ್ತಾರೆ. ಮಠದ ದಾಸೋಹಕ್ಕೆ ಒಬ್ಬರು ಒಂದು ಮೂಟೆ ಅಕ್ಕಿ ತರುತ್ತಾರೆ, ಒಬ್ಬರು ಸೇರು ಬೇಳೆ, ಒಬ್ಬರು ಸೌದೆ. ಹಂಡೆಯಲ್ಲಿ ಬೆಂದ ಮೇಲೆ ಯಾರ ಅಕ್ಕಿ ಯಾವುದು ಅಂತ ಯಾರೂ ಹುಡುಕುವುದಿಲ್ಲ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ವಾರಕ್ಕೆ ಹತ್ತು ಇಪ್ಪತ್ತು ಸೇರಿಸಿಯೇ ಸಾಲ ಕೊಡುವಷ್ಟು ಬೆಳೆದದ್ದು. ಹೊರಗೂ ಇದಕ್ಕೆ ಹಳೆಯ ದಾರಿಗಳಿವೆ. ಅಮೆರಿಕದ ಡೆನ್ವರ್‌ನಲ್ಲಿ 1887ರಲ್ಲೇ ಬೇರೆ ಬೇರೆ ಧರ್ಮದ ಗುರುಗಳು, ಫ್ರಾನ್ಸಿಸ್ ಜೇಕಬ್ಸ್ ಅನ್ನುವ ಹೆಣ್ಣುಮಗಳು ಸೇರಿ ಊರಿನ ಸೇವಾ ಸಂಸ್ಥೆಗಳಿಗೆಲ್ಲ ಒಟ್ಟಿಗೆ ಚಂದಾ ಎತ್ತಲು ಶುರುಮಾಡಿದರು. ಕ್ಲೀವ್‌ಲ್ಯಾಂಡ್‌ನಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಅನ್ನುವ ಬ್ಯಾಂಕಿನವರು ಇನ್ನೊಂದು ತೊಡಕು ಬಿಡಿಸಿದರು. ಸತ್ತವರು ಉಯಿಲಿನಲ್ಲಿ ಇಂಥದ್ದಕ್ಕೇ ಅಂತ ಬರೆದಿಟ್ಟ ದುಡ್ಡು, ಆ ಅಗತ್ಯವೇ ಹೋದ ಮೇಲೂ ಹಾಗೇ ಕೊಳೆಯುತ್ತಿತ್ತು. ಅದನ್ನು ಒಟ್ಟುಗೂಡಿಸಿ, ಕಾಲಕ್ಕೆ ತಕ್ಕ ಹಾಗೆ ಹಂಚಲು ಊರಿನವರ ಒಂದು ಸಮಿತಿ ಮಾಡಿದರು. ನಮ್ಮಲ್ಲೂ ನೋಡಿ, ಯಾವುದೋ ಕಾಲದಲ್ಲಿ ಇಟ್ಟ ದತ್ತಿನಿಧಿಯ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಸ್ಟೀಲ್ ಲೋಟ ಬಹುಮಾನ ಕೊಡುವ ಕಡೆ ಎಷ್ಟಿವೆ.

ನಾಲ್ವರೂ ಒಂದೇ ಮೇಜಿಗೆ ಕೂತದ್ದರಿಂದ ಯಾರೂ ಎಣಿಸದ ಲಾಭವೂ ಆಯಿತು. ನಮ್ಮ ಜೊತೆ ಇನ್ನೂ ಎರಡು ಕೆಲಸಗಳಿಗೆ ಇವರು ಕೊಡುತ್ತಾರೆ. ಮಂಡಕ್ಕಿ ಭಟ್ಟಿ ಕಡೆಯ ಮಕ್ಕಳಿಗೆ ಸಂಜೆ ಪಾಠ ಹೇಳುವ ಒಂದು ಗುಂಪು, ಹಾಸಿಗೆ ಹಿಡಿದ ಮುದುಕರ ಮನೆಗೆ ನರ್ಸ್ ಕಳಿಸುವ ಇನ್ನೊಂದು ಗುಂಪು. ಮೂರೂ ಅರ್ಜಿ ಒಟ್ಟಿಗೆ ಓದಿದಾಗ ಬ್ಯಾಂಕಿನ ನಿರ್ದೇಶಕರಿಗೆ ಕಂಡದ್ದು, ನಮ್ಮ ವ್ಯಾನ್ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಸುಮ್ನೆ ನಿಂತಿರುತ್ತದೆ, ಅದೇ ಹೊತ್ತಿಗೆ ಆ ನರ್ಸ್ ಎರಡು ಬಸ್ ಬದಲಾಯಿಸಿ ಮುದುಕರ ಮನೆಗೆ ಹೋಗುತ್ತಾರೆ. ಈಗ ಅವರು ನಮ್ಮ ವ್ಯಾನಿನಲ್ಲೇ ಹೋಗುತ್ತಾರೆ. ಡ್ರೈವರ್‌ಗೆ ಪೂರ್ತಿ ದಿನದ ಸಂಬಳ. ಅವರು ಈಗ ಮಧ್ಯಾಹ್ನ ಬೇರೆ ಬಾಡಿಗೆ ಹುಡುಕುವುದು ಬಿಟ್ಟಿದ್ದಾರೆ.

ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಮೊದಲು ಹತ್ತು ಬಾಗಿಲು ಮುಚ್ಚಿದರೂ ಹನ್ನೊಂದನೆಯದು ತೆರೆಯಬಹುದಿತ್ತು. ನಾಲ್ವರೂ ಒಂದಾಗಿ ಇಲ್ಲ ಅಂದುಬಿಟ್ಟರೆ ಸಣ್ಣ ಸಂಸ್ಥೆಯವರು ಎಲ್ಲಿಗೆ ಹೋಗಬೇಕು? ಇದನ್ನು ನಾನು ಆ ಸಭೆಯಲ್ಲೇ ಹೇಳಿದೆ. ಪ್ರತಿಯೊಬ್ಬರೂ ತಮ್ಮ ದುಡ್ಡಿನಲ್ಲಿ ಒಂದು ಭಾಗ ಹೊರಗೆ, ತಮ್ಮಿಷ್ಟಕ್ಕೆ ಕೊಡಲು ಇಟ್ಟುಕೊಂಡರು. ಎರಡನೆಯದು, ಜಾಸ್ತಿ ಕೊಡುವ ಕಂಪನಿಯ ಮಾತೇ ನಡೆಯಬಾರದು. ಅದಕ್ಕೆ ಒಬ್ಬರಿಗೊಂದೇ ಮತ ಅಂತಾಯಿತು. ಅಷ್ಟು ಸುಲಭವಾಗಿ ಆಗಲಿಲ್ಲ, ಒಂದು ಸಭೆ ಪೂರ್ತಿ ಅದಕ್ಕೇ ಹೋಯಿತು.

ಮೂರನೆಯದಕ್ಕೆ ನಾನು ತುಂಬಾ ಹಟ ಹಿಡಿದೆ. ಕೊಡುವವರ ಸಭೆಯಲ್ಲಿ ಒಬ್ಬ ತಾಯಿ ಕೂರಬೇಕು ಅಂತ. ಬಂದದ್ದು ಆ ಚಮಚದ ಹುಡುಗಿಯ ಅಮ್ಮ. ಅವತ್ತು ಕೂಲಿ ಬಿಟ್ಟು ಬಂದಿದ್ದಳು, ಆ ದಿನದ ಕೂಲಿಯನ್ನೂ ಸಭೆಯ ಖರ್ಚಿನಲ್ಲೇ ಕೊಟ್ಟೆವು. ಅರ್ಧ ಗಂಟೆ ಒಂದು ಮಾತೂ ಆಡದೆ ಕೂತಿದ್ದಳು. ಕೊನೆಗೆ, ಏನಾದರೂ ಹೇಳ್ತೀಯೇನಮ್ಮಾ ಅಂತ ಹಿರಿಯರು ಕೇಳಿದಾಗ, "ಏಪ್ರಿಲ್, ಮೇ ಎರಡು ತಿಂಗಳು ಯಾಕ್ ಸರ್ ಮುಚ್ತೀರಿ? ನಮಗೇನು ಬ್ಯಾಸಿಗೆ ರಜಾ ಐತಾ?" ಅಂದಳು. ಯಾರ ಬಳಿಯೂ ಉತ್ತರ ಇರಲಿಲ್ಲ. ಶಾಲೆಗಳು ಮುಚ್ಚುತ್ತವೆ ಅಂತ ನಾವೂ ಮುಚ್ಚುತ್ತಿದ್ದೆವು, ಅಷ್ಟೇ. ಮುಂದಿನ ವರ್ಷದಿಂದ ಆ ಎರಡು ತಿಂಗಳಿಗೂ ಆಯಾ ಮತ್ತು ಡ್ರೈವರ್ ಸಂಬಳ ಸೇರಿತು.

ಬರುವ ಮಾರ್ಚ್‌ಗೆ ಮೂರು ವರ್ಷ ಮುಗಿಯುತ್ತದೆ. ಗಿರಣಿಯ ಹಿರಿಯರು, ಗೆಳೆಯರ ಗುಂಪು, ಕಂಪನಿ, ಮೂವರೂ ಮುಂದುವರಿಸುತ್ತೇವೆ ಅಂದಿದ್ದಾರೆ. ಬ್ಯಾಂಕಿನಲ್ಲಿ ಚುನಾವಣೆಯಾಗಿ ಹೊಸ ಆಡಳಿತ ಮಂಡಳಿ ಬಂದಿದೆ. ನಮ್ಮ ಹೆಸರು ಎದ್ದು ಕಾಣುವ ಹಾಗೆ ಏನಾದರೂ ಸಾಮಾನು ಕೊಡಿಸೋಣ ಅಂತ ಅಲ್ಲಿ ಕೆಲವರು ಹೇಳುತ್ತಿದ್ದಾರಂತೆ. ಗುರುವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದಾರೆ. ವ್ಯಾನಿನ ರಿಜಿಸ್ಟರ್ ತೆಗೆದುಕೊಂಡು ಹೋಗುತ್ತೇನೆ, ಎರಡೂವರೆ ವರ್ಷದ್ದು, ದಿನಾ ಯಾವ ಮಗು ಎಷ್ಟು ಹೊತ್ತಿಗೆ ಹತ್ತಿತು ಅಂತ ಡ್ರೈವರ್ ಕೈಬರಹದಲ್ಲಿದೆ. ಆ ಹುಡುಗಿಯ ಅಮ್ಮನೂ ಬರುತ್ತೇನೆ ಅಂದಿದ್ದಾಳೆ.