ಗ್ಯಾರೇಜ್ ಗೋಡೆಯ ಗೆರೆ

ಶನಿವಾರ, ಮೇ 31, 2025
ಸೇಂಟ್ ಪೀಟರ್ಸ್‌ಬರ್ಗ್, ಫ್ಲೋರಿಡಾ

ನಾಳೆಯಿಂದ ಹರಿಕೇನ್ ಸೀಸನ್, ಅಂದರೆ ಚಂಡಮಾರುತದ ಕಾಲ, ಶುರು. ನವೆಂಬರ್ 30ರವರೆಗೆ, ಪೂರ್ತಿ ಆರು ತಿಂಗಳು. ಬೆಳಿಗ್ಗೆಯಿಂದ ನಾವೆಲ್ಲ ಗ್ಯಾರೇಜಿನಲ್ಲೇ ಇದ್ದೆವು. ಗೋಡೆಗೆ ಹೊಸ ಬಣ್ಣ ಹೊಡೆಸಿದರೂ ಬಾಗಿಲ ಪಕ್ಕ ಒಂದು ಗೇಣು ಜಾಗ ಹಾಗೇ ಬಿಡಿಸಿದ್ದೇನೆ. ಹೋದ ವರ್ಷ ಹೆಲೀನ್ ಚಂಡಮಾರುತ ಬಂದಾಗ ನೀರು ನಿಂತ ಗೆರೆ ಅಲ್ಲಿದೆ. ನನ್ನ ಮೊಣಕಾಲಿನ ಎತ್ತರಕ್ಕೆ.

2024ರ ಸೆಪ್ಟೆಂಬರ್ 26. ಹೆಲೀನ್ ನಮ್ಮಿಂದ ನೂರು ಮೈಲಿಗೂ ಆಚೆ, ಸಮುದ್ರದಲ್ಲೇ ಹಾದುಹೋಯಿತು. ದಡ ಮುಟ್ಟಿದ್ದು ದೂರದಲ್ಲಿ, ಉತ್ತರ ಫ್ಲೋರಿಡಾದ ಬಿಗ್ ಬೆಂಡ್ ಕರಾವಳಿಯಲ್ಲಿ. ನಮ್ಮದು ಎ ಝೋನ್, ಅಂದರೆ ಮೊದಲು ಖಾಲಿ ಮಾಡಿಸುವ ಪ್ರದೇಶ. ಖಾಲಿ ಮಾಡಿ ಅಂತ ಆದೇಶ ಬಂದಿತ್ತು. ಆದರೂ ಹೊರಡಲಿಲ್ಲ. ಅಷ್ಟು ದೂರ ಹೋಗುತ್ತಿದೆಯಲ್ಲ, ಗಾಳಿ ನಮಗೆ ಅಷ್ಟೇನೂ ತಾಗಲ್ಲ ಅಂದುಕೊಂಡೆವು. ಗಾಳಿಯ ವಿಷಯದಲ್ಲಿ ನಮ್ಮ ಲೆಕ್ಕ ಸರಿಯಾಗಿತ್ತು. ನೀರಿನ ಲೆಕ್ಕವನ್ನೇ ಹಾಕಿರಲಿಲ್ಲ. ಆ ಗಾಳಿ ಕೊಲ್ಲಿಯ ನೀರನ್ನು ದಡದ ಕಡೆ ತಳ್ಳುತ್ತಲೇ ಇತ್ತು. ಇಲ್ಲಿ ಸಮುದ್ರ ಆರು ಅಡಿಗೂ ಜಾಸ್ತಿ ಏರಿತು. ರಾತ್ರಿ ಮನೆಯೊಳಗೆ ನೀರು ಬಂದಾಗ ಅತ್ತೆಯನ್ನು ಊಟದ ಮೇಜಿನ ಮೇಲೆ ಕೂರಿಸಿ, ಮಗಳನ್ನು ಅವರ ಮಡಿಲಲ್ಲಿ ಬಿಟ್ಟು, ಬೆಳಗಾಗುವವರೆಗೂ ಪಕ್ಕದಲ್ಲೇ ನಿಂತಿದ್ದೆವು. ಆ ರಾತ್ರಿ ನನಗಿನ್ನೂ ಮರೆತಿಲ್ಲ.

ಚಂಡಮಾರುತಕ್ಕೆ ಕೆಟಗರಿ ಅಂತ ಹೇಳುತ್ತಾರಲ್ಲ, ಒಂದರಿಂದ ಐದರವರೆಗೆ, ಅದು ಗಾಳಿಯ ವೇಗ ಮಾತ್ರ. ನೀರು ಎಷ್ಟು ಬರುತ್ತೆ ಅಂತ ಅದು ಹೇಳಲ್ಲ. ಟಿವಿಯ ನಕ್ಷೆಯಲ್ಲಿ ತೋರಿಸುವ ಕೋನ್ ಆಕಾರ ಕೂಡ ಚಂಡಮಾರುತದ ನಡುಭಾಗ ಎಲ್ಲಿ ಹೋಗಬಹುದು ಅನ್ನುವುದಷ್ಟೇ. ಕೋನ್‌ನ ಹೊರಗಿದ್ದವರೂ ಮುಳುಗಬಹುದು. ಇದನ್ನು ಈ ಊರಿಗೆ ಹೊಸದಾಗಿ ಬಂದ ಎಲ್ಲ ಕನ್ನಡದವರಿಗೂ ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಮನೆ ಯಾವ ಝೋನ್ ಅಂತ ನೋಡಿಕೊಳ್ಳಿ. ಉಳಿದಿದ್ದೆಲ್ಲ ಆಮೇಲೆ.

ಎರಡೇ ವಾರಕ್ಕೆ, ಅಕ್ಟೋಬರ್ 9ಕ್ಕೆ, ಮಿಲ್ಟನ್ ಬಂತು. ಆಗ ಒಂದು ದಿನ ಮುಂಚೆಯೇ ಒಳನಾಡಿನ ಗೆಳೆಯರ ಮನೆಗೆ ಹೋದೆವು. ಎತ್ತರದ ಜಾಗದಲ್ಲಿ ಗಟ್ಟಿ ಮನೆಯಿದ್ದರೆ ಸಾಕು, ನೂರಾರು ಮೈಲಿ ಹೋಗಬೇಕಿಲ್ಲ. ವಾಪಸ್ ಬಂದು ನೋಡಿದರೆ ಸ್ಟೇಡಿಯಂನ ಚಾವಣಿ ಹರಿದುಹೋಗಿತ್ತು. ದೊಡ್ಡ ಪೈಪ್ ಒಡೆದು ಊರಿಗೆ ಕುಡಿಯುವ ನೀರೇ ನಿಂತಿತ್ತು ಅಂದರು. ತಲೆಗೆ ದಿನಕ್ಕೆ ಒಂದು ಗ್ಯಾಲನ್ (ಸುಮಾರು ನಾಲ್ಕು ಲೀಟರ್) ನೀರು ಇಡಿ ಅಂತ ಯಾಕೆ ಹೇಳುತ್ತಾರೆ ಅಂತ ಆಗ ಗೊತ್ತಾಯಿತು. ಈ ಸಲ ನಾಲ್ಕು ಜನಕ್ಕೆ ಒಂದು ವಾರದ್ದು, 28 ಗ್ಯಾಲನ್, ತಂದಿಟ್ಟಿದ್ದೇವೆ.

ಹೆಲೀನ್‌ನಲ್ಲಿ ನನಗೆ ಜಾಸ್ತಿ ನೋವಾಗಿದ್ದು ಕಾಗದಪತ್ರದ ಪೆಟ್ಟಿಗೆ ನೆಲದ ಮೇಲಿದ್ದು ನೆನೆದದ್ದು. ಅದರಲ್ಲಿ ಮಾವನವರ ಹಳೆಯ ಫೋಟೋಗಳೂ ಇದ್ದವು. ಇವತ್ತು ಇವರು ಎದೆಯೆತ್ತರಕ್ಕೆ ಶೆಲ್ಫ್ ಹೊಡೆದರು. ಪಾಸ್‌ಪೋರ್ಟ್, ವೀಸಾ ಕಾಗದ, ಮನೆ ಪತ್ರ ಎಲ್ಲ ಜಿಪ್ ಚೀಲಕ್ಕೆ ಹಾಕಿ ಒಂದೇ ಬ್ಯಾಗಿನಲ್ಲಿಟ್ಟೆ. ಹೊರಡುವಾಗ ಕೈಗೆತ್ತಿಕೊಂಡರೆ ಆಯಿತು.

ವಿಮೆಯಲ್ಲೂ ಪೆಟ್ಟು ತಿಂದೆವು. ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ದುಡ್ಡು ಕೊಡಲ್ಲ. ಸರ್ಕಾರದ ಪ್ರವಾಹ ವಿಮೆ ಬೇರೆಯೇ ತಗೋಬೇಕು, ಅದು ಸಾಮಾನ್ಯವಾಗಿ 30 ದಿನ ಆದಮೇಲೆ ಜಾರಿಗೆ ಬರುತ್ತದೆ. ಚಂಡಮಾರುತ ಕಣ್ಣಿಗೆ ಕಂಡಮೇಲೆ ಓಡಿದರೆ ಪ್ರಯೋಜನವಿಲ್ಲ. ನಾವು ಜನವರಿಯಲ್ಲೇ ಮಾಡಿಸಿದೆವು.

ಅತ್ತೆಯ ಮಾತ್ರೆ, ಇನ್ಸುಲಿನ್ ಬಗ್ಗೆ ಔಷಧಿ ಅಂಗಡಿಯಲ್ಲಿ ಕೇಳಿದೆ. ತುರ್ತು ಪರಿಸ್ಥಿತಿ ಘೋಷಣೆಯಾದ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದಹಾಗೆ) 30 ದಿನದ ಔಷಧಿಯನ್ನು ಮುಂಚಿತವಾಗಿಯೇ ತಗೊಂಡರೂ ಆರೋಗ್ಯ ವಿಮೆಯವರು ದುಡ್ಡು ಕೊಡಬೇಕು ಅಂತ ಇಲ್ಲಿ ಕಾನೂನೇ ಇದೆಯಂತೆ. ಇನ್ಸುಲಿನ್‌ಗೆ ಸಣ್ಣ ಐಸ್ ಪೆಟ್ಟಿಗೆ ಬೇರೆ ಇಟ್ಟೆ.

ಜನರೇಟರ್ ಶೆಡ್ಡಿನ ಆಚೆ, ಮನೆಯಿಂದ 20 ಅಡಿಗೂ ದೂರ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಬಿರುಗಾಳಿ ದಾಟಿ ಬದುಕಿದ ಕೆಲವರು ಆಮೇಲೆ ಇದರಿಂದ ಸಾಯುತ್ತಾರೆ. ಮಳೆ ಬರುತ್ತಿದೆ ಅಂತ ಗ್ಯಾರೇಜಿನೊಳಗೆ ಹಚ್ಚಬೇಡಿ, ದಯವಿಟ್ಟು.

ಸಂಜೆ ಮಗಳಿಗೆ ಅಟ್ಲಾಂಟಾದ ನಾದಿನಿಯ ಫೋನ್ ನಂಬರ್ ಬಾಯಿಪಾಠ ಮಾಡಿಸಿದೆ. ಬೇರೆ ಬೇರೆ ಆದರೆ ಎಲ್ಲರೂ ಅವಳಿಗೇ ಫೋನ್ ಮಾಡುವುದು. ಅತ್ತೆ ಕೇಳುತ್ತಾ ಕೂತಿದ್ದರು. ಆಮೇಲೆ, "ಈ ಸಲ ಹೊರಡಿ ಅಂದ ತಕ್ಷಣ ಹೊರಟುಬಿಡೋಣ ಕಣಮ್ಮಾ. ನಾನು ಆ ಮೇಜಿನ ಮೇಲೆ ಇನ್ನೊಂದು ರಾತ್ರಿ ಕೂರಲ್ಲ" ಅಂದರು.

"ಆಯ್ತು ಅತ್ತೆ" ಅಂದೆ. ಎ ಝೋನ್ ಖಾಲಿ ಮಾಡಿ ಅಂದರೆ ಅವತ್ತೇ ಹೊರಡುವುದು, ಚರ್ಚೆ ಇಲ್ಲ ಅಂತ ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ನಾಲ್ಕೂ ಜನ ಸಹಿ ಹಾಕಿದ್ದೇವೆ.

ಗ್ಯಾರೇಜ್ ಬಾಗಿಲಿಗೆ ಆನಿಕೆ ಹಾಕುವವರು ಮಂಗಳವಾರ ಬರುತ್ತಾರೆ.