ಎಷ್ಟನೇ ಕೀರ್ತನೆ ಓದಬೇಕು?

ಭಾನುವಾರದ ಪೂಜೆಯಲ್ಲಿ ಕೀರ್ತನೆ, ಅಂದರೆ ಬೈಬಲಿನಲ್ಲಿರುವ 150 ಹಾಡುಗಳಲ್ಲೊಂದನ್ನು, ಹಾಡುವವಳು ನಾನು. ಮೂಡಿಗೆರೆ ಕಡೆಯ ಒಂದು ಸಣ್ಣ ಚರ್ಚು. ಮೊದಲ ವಾಚನ ಮುಗಿದ ಮೇಲೆ ಎದ್ದು ಹೋಗಿ ನಿಲ್ಲುತ್ತೇನೆ. ನಾನು ಒಂದೊಂದು ಚರಣ ಹಾಡಿದ ಮೇಲೂ ಜನ ಒಂದೇ ಸಾಲನ್ನು ಪಲ್ಲವಿಯ ಹಾಗೆ ಹೇಳುತ್ತಾರೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಸಂಬಳ ಇಲ್ಲ. ಸಿಕ್ಕಿದ್ದು ಒಂದು ಪ್ರಶ್ನೆ ಮಾತ್ರ: "ಅಕ್ಕಾ, ಇದಕ್ಕೆ ಎಷ್ಟನೇ ಕೀರ್ತನೆ ಓದಬೇಕು?"

"ಇದಕ್ಕೆ" ಅಂದರೆ ಯಾವುದಕ್ಕೂ ಆಗಬಹುದು. ಮಗಳ ಪಿಯುಸಿ ರಿಸಲ್ಟು. ಗಂಡನ ಕುಡಿತ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೇ ಇದ್ದದ್ದು, ಜನವರಿಯಲ್ಲಿ ಕಣದ ತುಂಬಾ ಕಾಫಿ ಹರಡಿದಾಗ ಅದೇ ಮಳೆ ಬಂದದ್ದು. ಚರ್ಚಿನವರೂ ಕೇಳುತ್ತಾರೆ, ಅಲ್ಲದವರೂ ಕೇಳುತ್ತಾರೆ. ಮೆಡಿಕಲ್ ಶಾಪಿನ ಮುಂದೆ ನಿಂತು "ಜ್ವರಕ್ಕೊಂದು ಮಾತ್ರೆ ಕೊಡಿ" ಅನ್ನುವ ಧಾಟಿ. ಇನ್ನು ಬಾಯಲ್ಲಿ ಹೇಳಿ ನನಗೆ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಉತ್ತರ: ಅಂಥ ಪಟ್ಟಿ ನನ್ನ ಹತ್ತಿರ ಇಲ್ಲ.

ಪಟ್ಟಿ ಯಾರ ಹತ್ತಿರವೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಈ ಕೀರ್ತನೆಗಳು ಮೊದಲು ಯೆಹೂದ್ಯರವು. ಅವರಲ್ಲಿ ಶಿಮ್ಮುಷ್ ತೆಹಿಲ್ಲಿಮ್ ಅಂತ ಒಂದು ಹಳೆಯ ಪುಸ್ತಕವೇ ಇದೆ. ಯಾವ ಕಷ್ಟಕ್ಕೆ ಯಾವ ಕೀರ್ತನೆ ಅನ್ನುವುದೇ ಅದರ ವಿಷಯ. 119ನೇ ಕೀರ್ತನೆಯಲ್ಲಿ 176 ವಚನ ಇವೆ. ಹೀಬ್ರೂವಿನ 22 ಅಕ್ಷರಗಳಲ್ಲಿ ಒಂದೊಂದಕ್ಕೆ ಎಂಟೆಂಟು. ಯಾರಿಗಾದರೂ ಕಾಯಿಲೆಯಾದರೆ ಅವರ ಹೆಸರಿನ ಅಕ್ಷರ ಹಿಡಿದು, ಆ ಅಕ್ಷರದ ಎಂಟು ವಚನ ಓದುವ ಪದ್ಧತಿಯೂ ಇದೆ. ನಮ್ಮಲ್ಲಿ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹುಡುಕುತ್ತಾರಲ್ಲ, ಹಾಗೆ. ನಾನು ಒಬ್ಬ ಯೆಹೂದ್ಯರನ್ನೂ ಕಂಡವಳಲ್ಲ, ಇದೆಲ್ಲ ಓದಿ ತಿಳಿದದ್ದು. ಓದಿದ ಮೇಲೆ ನಮ್ಮೂರಿನವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಅಲ್ಲ.

ಪೂರ್ತಿ ಇಳಿಯದೇ ಇರುವುದಕ್ಕೆ ಕಾರಣ ನಮ್ಮ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ. ಅವಳ ಮಾವನಿಗೆ ಉಸಿರಾಟದ ತೊಂದರೆಯಾಗಿ ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ನಲವತ್ತು ವರ್ಷ ಮೇಸ್ತ್ರಿಯಾಗಿದ್ದ ಮನುಷ್ಯ. ರಾತ್ರಿ ಒಂಬತ್ತಕ್ಕೆ ಫೋನು. "ಅಕ್ಕಾ, ಮಾವಂಗೆ ಎಷ್ಟನೇದು?" ವಾದ ಮಾಡುವ ಹೊತ್ತಲ್ಲ ಅದು. "ತೊಂಬತ್ತೊಂದು" ಅಂದೆ. ದೇವರ ರೆಕ್ಕೆಯ ಕೆಳಗೆ ಆಸರೆ, ಹಗಲಲ್ಲಿ ಹಾರುವ ಬಾಣಕ್ಕೆ ಹೆದರಬೇಕಿಲ್ಲ ಅಂತ ಬರುವ ಕೀರ್ತನೆ. ನಮ್ಮ ಕಡೆಯ ಸಿಗ್ನಲ್ ನಿಮಗೆ ಗೊತ್ತಲ್ವಾ. "ಒಂದು" ಅನ್ನುವುದು ಎಲ್ಲೋ ಗುಡ್ಡದ ಆಚೆ ಬಿದ್ದುಹೋಯಿತು.

ಅವಳು ಮಂಚದ ಪಕ್ಕ ನಿಂತು ತೊಂಬತ್ತನೇದನ್ನು ಓದಿದಳು. ಗಟ್ಟಿಯಾಗಿ. ವಾರ್ಡಿನವರೆಲ್ಲ ಕೇಳುವ ಹಾಗೆ. ಅದರಲ್ಲಿ ಮನುಷ್ಯ ಬೆಳಿಗ್ಗೆ ಚಿಗುರಿ ಸಂಜೆಗೆ ಒಣಗುವ ಹುಲ್ಲು ಅಂತಿದೆ. ಆಮೇಲೆ ನಮ್ಮ ಆಯುಸ್ಸು ಎಪ್ಪತ್ತು ವರ್ಷ, ಗಟ್ಟಿ ಇದ್ದರೆ ಎಂಬತ್ತು ಅಂತಿದೆ. ಮಾವನಿಗೆ ಹಿಂದಿನ ತಿಂಗಳಷ್ಟೇ ಎಪ್ಪತ್ತು ತುಂಬಿತ್ತು.

ಮರುದಿನ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ತಮಾಷೆ ಏನೆಂದರೆ, ಹಳೆಯ ಲ್ಯಾಟಿನ್ ಬೈಬಲಿನ ಲೆಕ್ಕದಲ್ಲಿ ಅವಳು ಹಿಡಿದ ನಂಬರೇ ಸರಿ. ಆ ಲ್ಯಾಟಿನ್ ಹಿಡಿದದ್ದು ಗ್ರೀಕ್ ಅನುವಾದದ ಲೆಕ್ಕ, ಅದರಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ. ಹಾಗಾಗಿ ಅಲ್ಲಿಂದ ಮುಂದೆ ಬಹಳಷ್ಟು ಒಂದೊಂದು ಹಿಂದೆ. ನಮ್ಮ 91 ಅವರ 90. ನಂಬರಿನಲ್ಲೇ ಶಕ್ತಿ ಇದ್ದಿದ್ದರೆ ದೇವರು ಯಾವ ಬೈಬಲ್ ನೋಡಿಕೊಂಡು ಲೆಕ್ಕ ಹಾಕಬೇಕಿತ್ತು?

ಈ 91ರ ಬಗ್ಗೆ ಇನ್ನೂ ಒಂದು ಮಾತು. ಯೇಸುವಿನ ಕಥೆ ಹೇಳುವ ಶುಭಸಂದೇಶದಲ್ಲಿ ಇದನ್ನು ನೀವು ಬಳಸುವ ಹಾಗೇ ಬಳಸುವುದು ಯಾರು ಗೊತ್ತಾ? ಸೈತಾನ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದೆ ಅನ್ನುತ್ತಾನೆ. ಬರೆದಿರುವುದು ಇದರಲ್ಲೇ. ಅದೇ ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ. ಇನ್ನು ಯೆಹೂದ್ಯರು 91ನ್ನು ಹೆಣ ಮಣ್ಣಿಗೆ ಒಯ್ಯುವಾಗಲೂ ಹೇಳುತ್ತಾರೆ. ಬದುಕಿಸುವ ಮಾತ್ರೆ ಆಗಿದ್ದರೆ ಅಷ್ಟು ಹೊತ್ತಿಗೆ ಅದರ ಕೆಲಸ ಏನು? ಅವರ ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿಯ ದಿನದ, ಬೆಳಗಿನ ಪ್ರಾರ್ಥನೆಯಲ್ಲಂತೂ 90 ಮತ್ತು 91 ಒಂದರ ಹಿಂದೆ ಒಂದು ಬರುತ್ತವೆ. ಹುಲ್ಲೂ ಇದೆ, ರೆಕ್ಕೆಯೂ ಇದೆ.

ಮಾವ ಬದುಕಿದರು. ನೋಡಲು ಹೋದಾಗ ಹೆದರಿಕೊಂಡೇ ಹೋದೆ. ಅವರು ಸೊಸೆಯನ್ನು ಕಾಫಿಗೆ ಕಳಿಸಿ ಕೇಳಿದರು: "ಟೀಚರಮ್ಮಾ, ಅವತ್ತು ಇವಳು ಓದಿದ್ದು ಚೆನ್ನಾಗಿತ್ತು. ಎಲ್ಲರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಿದ್ರು. ಅದೊಂದೇ ನಿಜ ಹೇಳಿದ್ದು. ಅಂಥವು ಇನ್ನೂ ಇದ್ದಾವಾ?"

ಹದಿನೆಂಟು ವರ್ಷದಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದೊಂದೇ.

ಇದ್ದಾವಾ ಅಂತ ಕೇಳಬೇಕಾ! ಹೀಬ್ರೂವಿನಲ್ಲಿ ಪುಸ್ತಕದ ಹೆಸರು ತೆಹಿಲ್ಲಿಮ್, ಅಂದರೆ ಸ್ತುತಿಗಳು. ಒಳಗಿನ 150ನ್ನು ಬಗೆಬಗೆಯಾಗಿ ವಿಂಗಡಿಸಿದರೆ ದೊಡ್ಡ ಗುಂಪು ಗೋಳಿನದು. 13ನೇದರಲ್ಲಿ ಕವಿ ಮೊದಲ ಎರಡು ವಚನದೊಳಗೇ ನಾಲ್ಕು ಸಲ "ಇನ್ನೆಷ್ಟು ಕಾಲ" ಅಂತ ಕೇಳುತ್ತಾನೆ. 44ರಲ್ಲಿ ಏಳು, ಯಾಕೆ ಮಲಗಿದ್ದೀಯ ಅಂತ ದೇವರನ್ನೇ ಎಬ್ಬಿಸುತ್ತಾರೆ. ದಾಸರ ನಿಂದಾಸ್ತುತಿ ಕೇಳಿದವರಿಗೆ ಇದು ಹೊಸದಲ್ಲ. ಆದರೆ 109ರ ಶಾಪಗಳನ್ನು ಓದಿದರೆ ಅವರೂ ಬೆಚ್ಚಬೇಕು. ಶತ್ರುವಿನ ಮಕ್ಕಳು ತಬ್ಬಲಿಗಳಾಗಲಿ, ಭಿಕ್ಷೆ ಬೇಡಲಿ ಅಂತಿದೆ. 1971ರಲ್ಲಿ ಹೊಸದಾಗಿ ಬಂದ ಕ್ಯಾಥೊಲಿಕ್ ದಿನಪ್ರಾರ್ಥನೆಯ ಪುಸ್ತಕದಿಂದ 58, 83, 109 ಈ ಮೂರನ್ನು ಪೂರ್ತಿ ಕೈಬಿಟ್ಟರು. ನನಗೆ ಅದು ಸರಿ ಕಾಣುವುದಿಲ್ಲ. ಕೆಟ್ಟ ಸಿಟ್ಟನ್ನು ದೇವರ ಮುಂದೆ ಅಲ್ಲದೆ ಇನ್ನೆಲ್ಲಿ ಸುರಿಯೋದು? ಪಕ್ಕದ ಮನೆಯವರ ಮುಂದಾ?

88ನೇದನ್ನು ಕೈಬಿಡಲಿಲ್ಲ, ಪುಣ್ಯ. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸಮಾಧಾನಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಹೀಬ್ರೂವಿನಲ್ಲಿ ಇದರ ಕೊನೆಯ ಪದವೇ ಕತ್ತಲೆ. ಭಾನುವಾರ ನಾನು ಇದನ್ನು ಒಂದು ಸಲವೂ ಹಾಡಿಲ್ಲ. ಶುಕ್ರವಾರ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಫಾದರ್‌ಗಳೂ ಸಿಸ್ಟರ್‌ಗಳೂ ಹೇಳುತ್ತಾರೆ. ಇಷ್ಟನ್ನೂ ಮಾವನಿಗೆ ಹೇಳಿ, ಅವರ ಬೈಬಲಿನಲ್ಲಿ 88ರ ಹತ್ತಿರ ಬಸ್ ಟಿಕೆಟ್ ಇಟ್ಟು ಬಂದೆ.

ಹೋದ ವಾರ ಸೊಸೆಯ ಫೋನು. "ಅಕ್ಕಾ, ಮಾವ ಶುಕ್ರವಾರ ಆದ್ರೆ ಸಾಕು, ರಾತ್ರಿ ಜಗಲಿಯಲ್ಲಿ ಕೂತು ದೇವರಿಗೆ ಬೈತಾರೆ. ಅಕ್ಕಪಕ್ಕದವರಿಗೆಲ್ಲ ಕೇಳುತ್ತೆ, ಮರ್ಯಾದೆ ಹೋಗ್ತಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು.

"ಅದು ನಿಲ್ಲೋಕೆ ಎಷ್ಟನೇದು?"